ಬೂದುಸೊಪ್ಪು ಕೀಳುವವಳು

ನಮ್ಮೂರಲ್ಲಿ ಸಿಟ್ಟು ಮಾಡಿಕೊಳ್ಳುವುದು ನನ್ನ ಕೆಲಸ. ಬೇರೆ ಊರಲ್ಲಿ ಮಡಕೆಗೊಂದು ಮನೆ, ಕುಲುಮೆಗೊಂದು ಮನೆ ಇರುವ ಹಾಗೆ ಇಲ್ಲಿ ಸಿಟ್ಟಿಗೊಂದು ಮನೆ. ನನಗಿಂತ ಮುಂಚೆ ನಮ್ಮತ್ತೆ ಮಾಡುತ್ತಿದ್ದಳು, ಅವಳಿಗಿಂತ ಮುಂಚೆ ಅವಳತ್ತೆ. ಮಿಕ್ಕವರೆಲ್ಲ ತಣ್ಣಗೆ. ದಾಯಾದಿ ಬದು ಒತ್ತರಿಸಿದರೂ ತಣ್ಣಗೆ, ಹೆಂಡತಿಯ ಒಡವೆ ಮಾರಿ ಗಂಡ ಕುಡಿದರೂ ತಣ್ಣಗೆ. ಯಾರಾದರೂ ಹುಬ್ಬು ಗಂಟಿಕ್ಕಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದವರು ತೋಳು ಹಿಡಿದು, "ಏಯ್, ನಿಂಗ್ಯಾಕೆ ಅದು? ಹೋಗಿ ಪಾಲಕ್ಕಂಗೆ ಹೇಳಿ ಬಾ" ಅನ್ನುತ್ತಾರೆ. ಪಾಲಕ್ಕ ಅಂದರೆ ನಾನು. ಬರುತ್ತಾರೆ, ನನ್ನ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳುತ್ತಾರೆ, ಒಂದು ಚೊಂಬು ನೀರು ಕುಡಿದು ಹಗುರಾಗಿ ಎದ್ದು ಹೋಗುತ್ತಾರೆ. ಅವರು ಬಿಟ್ಟು ಹೋದದ್ದನ್ನು ನಾನು ಎದೆಯಲ್ಲಿಟ್ಟುಕೊಂಡು ಕೂರಬೇಕು, ಯಾರೋ ಹೆತ್ತ ಕೂಸಿಗೆ ನಾನು ಬಾಣಂತಿಯಾದ ಹಾಗೆ.

ಇದೆಲ್ಲ ಬೂದುಸೊಪ್ಪಿಗಾಗಿ. ಊರ ಹಿಂದಿನ ಬಂಡೆಯ ಇಳಿಜಾರು ತುಂಬ ಅದೇ ಪೊದೆ. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ. ಸೊಂಟದೆತ್ತರ ಬೆಳೆಯುತ್ತದೆ, ಕಡ್ಡಿ ಗಟ್ಟಿ, ಎಲೆ ಬೂದಿಯ ಬಣ್ಣ, ಮುಟ್ಟಿದರೆ ಕರುವಿನ ಕಿವಿಯಷ್ಟು ಮೆತ್ತಗೆ. ತಣ್ಣಗಿರುವವರು ಕಿತ್ತರೆ ಅದು ಬರೀ ಸೊಪ್ಪು, ಮೇಕೆಯೂ ಮೂತಿ ತಿರುಗಿಸುತ್ತದೆ. ನಮ್ಮ ಮನೆಯವರು ಸಿಟ್ಟಿನಲ್ಲಿ ಕಿತ್ತರೆ ಘಮ್ಮೆಂದು ಘಾಟು ಏಳುತ್ತದೆ, ಕಟ್ಟಿದ ಮೂಗು ಬಿಚ್ಚಿ ಕಣ್ಣಲ್ಲಿ ನೀರು ಬರುತ್ತದೆ. ಘಾಟಿದ್ದರೇ ಗುಣ. ನಮ್ಮದು ಕಂಬಳಿ ನೇಯುವವರ ಊರು. ವರ್ಷವೆಲ್ಲ ಉಣ್ಣೆಯ ದೂಳು ಎದೆಗಿಳಿದಿರುತ್ತದೆ, ಚಳಿ ಬಿದ್ದ ಕೂಡಲೇ ಮನೆಮನೆಯಲ್ಲೂ ಕೆಮ್ಮು. ಅದು ಬೂದುಸೊಪ್ಪಿನ ಕಷಾಯಕ್ಕೆ ಬಗ್ಗುತ್ತದೆಯೇ ಹೊರತು ಬೇರೆ ಯಾವುದಕ್ಕೂ ಇಲ್ಲ. ಬಾಣಂತಿಯ ಸ್ನಾನದ ನೀರಿಗೆ ಅದೇ. ಮಗುವಿಗೆ ಹಾಲು ಬಿಡಿಸುವಾಗ ತಾಯಿಯ ಎದೆಗೆ ಅರೆದು ಹಚ್ಚುವುದು ಅದೇ. ಕಂಬಳಿ ಮಡಿಸಿಡುವಾಗ ಮಡಿಕೆಗೊಂದು ಕಡ್ಡಿ ಇಡದಿದ್ದರೆ ಹುಳ ತಿಂದು ಜರಡಿ ಮಾಡುತ್ತದೆ. ಕೊನೆಗೆ ಹೆಣದ ತಲೆಯಡಿಗೂ ಒಂದು ಹಿಡಿ. ಹುಟ್ಟಿನಿಂದ ಚಟ್ಟದ ತನಕ ಇವರಿಗೆ ನನ್ನ ಸಿಟ್ಟು ಬೇಕು, ನಾನು ಬೇಡ. ಮದುವೆ ಮನೆಯಲ್ಲಿ ನನ್ನನ್ನು ಯಾವಾಗಲೂ ಕೊನೆಯ ಪಂಕ್ತಿಗೆ ಕೂರಿಸುತ್ತಾರೆ.

ಹುಸಿ ಸಿಟ್ಟಿಗೆ ಗಿಡ ಬಗ್ಗುವುದಿಲ್ಲ. ಎದುರು ಮನೆಯ ಗುಡ್ಡಪ್ಪ ಹಲ್ಲು ನೋವು ಬಂದಾಗಲೆಲ್ಲ ಕೆನ್ನೆ ಹಿಡಿದುಕೊಂಡು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಾನೆ.

"ಪಾಲಕ್ಕ, ಬ್ಯಾಸರ ಮಾಡ್ಕಬ್ಯಾಡ."

"ಇಲ್ಲ, ಹೇಳಪ್ಪ."

"ನೀನೊಬ್ಳು ಮೂದೇವಿ. ನೀನು ಮಾಡಿದ ಸಾರು ನಾಯೀನೂ ಮೂಸಾಕಿಲ್ಲ." ಹೇಳಿ ನನ್ನ ಮುಖವನ್ನೇ ನೋಡುತ್ತಾನೆ. "ಬಂತಾ?"

"ಎಲ್ಲಿ ಬರ್ತೈತಪ್ಪ! ಕೆನ್ನೆ ಊದಿ ಕುಂಬಳಕಾಯಿ ಆಗೈತೆ. ನಿನ್ನ ನೋಡಿದ್ರೆ ಪಾಪ ಅನ್ನಿಸ್ತೈತೆ."

"ಅಯ್ಯೋ, ಪಾಪ ಅನ್ಬ್ಯಾಡ ಕಣಕ್ಕ, ನಿನ್ನ ದಮ್ಮಯ್ಯ!"

ಆಮೇಲೆ ನಾನೇ ನಿಜವಾದದ್ದನ್ನು ನೆನೆಸಿಕೊಂಡು ಇಳಿಜಾರು ಹತ್ತುತ್ತೇನೆ. ನಿಜವಾದದ್ದು ಅಂದರೆ ಮಗ್ಗದ ಗುಂಡಿ. ನನ್ನ ಗಂಡ ನೇಯ್ಗೆ ಚಾವಡಿಯ ಕಿಟಕಿ ಪಕ್ಕದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅವನ ಕೈ ಸೋತಾಗ ನಾನು ಕೂತು ನೇಯುತ್ತಿದ್ದೆ, ನನ್ನ ಅಂಚು ಅವನದಕ್ಕಿಂತ ನೆಟ್ಟಗಿರುತ್ತಿತ್ತು ಎಂದು ಅವನೇ ಒಪ್ಪಿಕೊಂಡಿದ್ದ. ಹೊಳೆಯಲ್ಲಿ ಕುರಿ ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ತಿಥಿ ಮುಗಿಸಿ ಚಾವಡಿಗೆ ಹೋದರೆ ನಮ್ಮ ಮಗ್ಗವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಊರ ಯಜಮಾನ ಮಾಳಿಂಗಪ್ಪನ ಭಾವಮೈದುನ ನಮ್ಮ ಗುಂಡಿಯಲ್ಲಿ ಆಡಿನ ಮರಿ ಕೂಡಿಹಾಕಿದ್ದ. ನೇಯುವವನಾಗಿದ್ದರೆ ಹೋಗಲಿ ಅನ್ನಬಹುದಿತ್ತು, ಅವನಿಗೆ ಹಾಸು ಯಾವುದು ಹೊಕ್ಕು ಯಾವುದು ಗೊತ್ತಿಲ್ಲ. ಪ್ರತಿ ವರ್ಷ ಉಣ್ಣೆ ಕತ್ತರಿಸುವ ಮುಂಚೆ ಊರು ಕೂಡುತ್ತದೆ, ಪ್ರತಿ ವರ್ಷ ನಾನು ಎದ್ದು ನಿಂತು ನನ್ನ ಗುಂಡಿ ಕೇಳುತ್ತೇನೆ. ಮಾಳಿಂಗಪ್ಪ ಮೆಲ್ಲಗೆ ನಕ್ಕು, "ಬರೋ ವರ್ಸ ನೋಡಾನ ಬಿಡವ್ವ" ಅನ್ನುತ್ತಾನೆ. ಅವನಿಗೆ ಜೋರು ಮಾತೇ ಬರುವುದಿಲ್ಲ. ನಾನು ಹಲ್ಲು ಕಚ್ಚಿಕೊಂಡು ಮನೆಗೆ ಬರುತ್ತೇನೆ, ಆ ಚಳಿಗಾಲಕ್ಕೆಲ್ಲ ಸಾಕಾಗುವಷ್ಟು ಸೊಪ್ಪು ಕೀಳುತ್ತೇನೆ.

ಹೀಗಿರುವಾಗ ನನ್ನ ಮಗಳು ಜಂಪಿಗೆ ಗಂಡು ಗೊತ್ತಾಯಿತು. ಕೆಳಗೇರಿಯ ಬೀರೇಶ, ಉಣ್ಣೆಗೆ ಬಣ್ಣ ಹಾಕುವವನು, ಮೊಣಕೈ ತನಕ ಯಾವಾಗಲೂ ಕಪ್ಪು. ತಾಯಿಯ ಹತ್ತಿರ ಹಟ ಹಿಡಿದು ಅವನೇ ಕೇಳಿಸಿದ್ದು. ಸಿಟ್ಟಿನ ಮನೆಯ ಹುಡುಗಿಯನ್ನು ಈ ಊರಲ್ಲಿ ಯಾರೂ ತರುವುದಿಲ್ಲ. ಸಿಟ್ಟಿನ ಮನೆಗೂ ಈ ಊರಿನವರು ಹೆಣ್ಣು ಕೊಡುವುದಿಲ್ಲ, ದೂರದ ಊರಿಂದ ನನ್ನಂಥ ಏನೂ ತಿಳಿಯದವಳನ್ನು ಹುಡುಕಿ ತರುತ್ತಾರೆ. ನನಗೆ ಸೊಸೆ ತರಲು ಮಗನಿಲ್ಲ, ಜಂಪಿ ಬೀರೇಶನ ಮನೆ ಸೇರಿದರೆ ಈ ಕೆಲಸ ನನ್ನ ತಲೆಗೇ ಮುಗಿಯುತ್ತದೆ. ನನ್ನ ಮಗಳು ಆ ಪೊದೆಗೆ ಕೈ ಹಾಕಬಾರದು. ದೇವರ ಮುಂದೆ ಕೂತಾಗ ನಾನು ಬೇಡಿಕೊಂಡದ್ದು ಇಷ್ಟೇ, ಬೇರೆ ಏನೂ ಇಲ್ಲ.

ವೀಳ್ಯ ಬದಲಾಯಿಸಿದ ದಿನದಿಂದ ನನಗೆ ಸಿಟ್ಟೇ ಬರಲಿಲ್ಲ. ನಿಂತಲ್ಲಿ ನಗು, ಕೂತಲ್ಲಿ ನಗು. ಗುಂಡಿಯನ್ನು ನೆನೆಸಿಕೊಂಡೆ, ಆಡಿನ ಮರಿಗಳನ್ನು ನೆನೆಸಿಕೊಂಡೆ, ಹೋಗಲಿ ಪಾಪ, ಅವಕ್ಕೂ ಚಳಿ ಅನ್ನಿಸಿತು. ಇಳಿಜಾರು ಹತ್ತಿ ಹೊರೆ ಸೊಪ್ಪು ಕಿತ್ತು ತಂದೆ. ಘಾಟಿಲ್ಲ. ಅದರ ಕಷಾಯ ಕುಡಿದವರು ಬಿಸಿನೀರು ಕುಡಿದ ಹಾಗೆ ಬಾಯಿ ಒರೆಸಿಕೊಂಡು ಮತ್ತೆ ಕೆಮ್ಮಿದರು. ಚಳಿ ಅಷ್ಟರಲ್ಲಿ ಬೀಳತೊಡಗಿತ್ತು. ಬೀದಿಯಲ್ಲಿ ಹೋದರೆ ಹೆಂಗಸರು ನನ್ನನ್ನು ಬತ್ತಿದ ಹಸುವನ್ನು ನೋಡುವ ಹಾಗೆ ನೋಡುತ್ತಿದ್ದರು.

ಒಂದು ಬೆಳಗ್ಗೆ ಮಾಳಿಂಗಪ್ಪನೇ ಮನೆಗೆ ಬಂದ. ಜಗಲಿಯಲ್ಲಿ ಕೂತು, ಜಂಪಿ ಕೊಟ್ಟ ಮಜ್ಜಿಗೆ ಕುಡಿದು, "ಏನವ್ವ, ಸೊಪ್ಪು ಹಿಂಗಾತಲ್ಲ" ಅಂದ. "ಏನ್ ಮಾಡ್ಲಿ ಯಜಮಾನ್ರೆ, ಮಗಳ ಮದುವೆ, ಸಿಟ್ಟು ಬಾ ಅಂದ್ರೂ ಬರ್ತಿಲ್ಲ. ಇದೊಂದು ಚಳಿಗಾಲ ಹೆಂಗಾರ ಸಂಬಾಳಿಸ್ಕಳ್ಳಿ" ಎಂದು ನಾನು ನಕ್ಕೆ. ಅವನೂ ನಕ್ಕ. ಜಂಪಿಯನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದ. "ಒಳ್ಳೇದಾಗ್ಲಿ" ಎಂದು ಎದ್ದು ಹೋದ. ನನ್ನ ಹೆಡ್ಡತನಕ್ಕೆ ಏನು ಹೇಳಲಿ, ಇಷ್ಟು ದೊಡ್ಡ ಮನುಷ್ಯ ಮನೆ ಬಾಗಿಲಿಗೆ ಬಂದು ಹರಸಿ ಹೋದ ಎಂದು ನಾನು ಕೇರಿಗೆಲ್ಲ ಹೇಳಿಕೊಂಡು ಬಂದೆ.

ಚಪ್ಪರಕ್ಕೆ ಗಳ ತಂದು ಹಾಕಿದ ದಿನ ಬೀರೇಶನ ತಾಯಿ ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಬಂದಳು. ಹೊಸಿಲು ದಾಟಲಿಲ್ಲ. ತಟ್ಟೆಯನ್ನು ಹೊಸಿಲ ಮೇಲಿಟ್ಟು, "ಈ ಸಂಬಂಧ ಬ್ಯಾಡ ಕಣಕ್ಕ" ಅಂದಳು. ಯಾಕೆ ಅಂದರೆ ತಿರುಗಿ ನಡೆದಳು. ಬೀರೇಶ ಬೀದಿಯ ಆಚೆ ಬದಿ ಬಣ್ಣದ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿ ನಿಂತಿದ್ದ. ನಾನು ಕೂಗಾಡುವಷ್ಟರಲ್ಲಿ ಜಂಪಿ ನನ್ನ ಪಕ್ಕದಿಂದ ಎದ್ದು ಹೊರಗೆ ಹೋದಳು. ಅವನ ಹತ್ತಿರ ಹೋಗುತ್ತಾಳೆ ಅಂದುಕೊಂಡೆ. ಅವಳು ಅವನನ್ನು ದಾಟಿ ಬಂಡೆಯ ಕಡೆ ನಡೆದಳು.

ಅವಳು ಇಳಿದು ಬರುವ ಮುಂಚೆಯೇ ಘಾಟು ಬಂತು. ಇಳಿಜಾರಿನಿಂದ ಬೀದಿಗೆ, ಬೀದಿಯಿಂದ ಹಿತ್ತಿಲಿಗೆ, ಅಟ್ಟಕ್ಕೆ. ನಾಯಿಗಳು ಸೀನಿದವು. ಒಲೆ ಮುಂದಿದ್ದವರು ಕಣ್ಣೊರೆಸಿಕೊಂಡು ಹೊರಗೆ ಬಂದರು. ಜಂಪಿ ಎರಡು ತೋಳು ತುಂಬ ಸೊಪ್ಪು ತಬ್ಬಿಕೊಂಡು ಬರುತ್ತಿದ್ದಳು, ಕೈಯೆಲ್ಲ ತರಚಿಹೋಗಿತ್ತು. ನನ್ನ ಜನ್ಮದಲ್ಲಿ ನಾನು ಅಂಥ ಸೊಪ್ಪು ಕಿತ್ತಿರಲಿಲ್ಲ. ಆಗ ಊರು ಮಾಡಿದ್ದನ್ನು ಕೇಳಬೇಕು. ಹಿಗ್ಗಿತು! ಒಬ್ಬಳು ಜಂಪಿಯ ಕೈಯಿಂದ ಹೊರೆ ಇಸಿದುಕೊಂಡಳು, ಇನ್ನೊಬ್ಬಳು ಅವಳ ನೆತ್ತಿಗೆ ನೆಟಿಕೆ ಮುರಿದಳು. ಗುಡ್ಡಪ್ಪನ ಹೆಂಡತಿ ನನ್ನ ಬೆನ್ನು ಸವರಿ, "ಬಿಡು ಪಾಲಕ್ಕ, ಒಂದು ಮದ್ವೆ ಹೋದ್ರೆ ಹೋತು, ಊರು ಉಳಕಂತು. ಯಜಮಾನ್ರು ಹೇಳಿದ್ ಹಂಗೇ ಆತು ನೋಡು" ಅಂದಳು. ಅಂದು ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಫಲ, ನನಗೆ ಅರ್ಥವಾಗಿತ್ತು.

ನಾನು ತಲೆಗೆ ಸೆರಗೂ ಹೊದೆಯದೆ ಚಾವಡಿಗೆ ಹೋದೆ. ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ಕದಿರಿಗೆ ನೂಲು ಸುತ್ತುತ್ತಿದ್ದ. "ನನ್ನ ಮಗಳ ಮದುವೆ ಮುರಿಸ್ದೋರು ನೀವಾ?" ಎಂದು ಕೇಳಿದೆ. ಇಲ್ಲ ಅನ್ನುತ್ತಾನೆ, ಆಣೆ ಹಾಕುತ್ತಾನೆ, ಆಗ ಮುಖಕ್ಕೆ ಉಗಿಯೋಣ ಅಂದುಕೊಂಡಿದ್ದೆ. ಅವನು ಕದಿರು ಕೆಳಗಿಟ್ಟು ತಣ್ಣಗೆ, "ಹೂಂ ಕಣವ್ವ" ಅಂದ.

"ಇದ್ರಾಗೆ ಮುಚ್ಚುಮರೆ ಏನೈತೆ? ನಿಂಗೆ ವಯಸ್ಸಾತು, ಸಿಟ್ಟು ಬತ್ತೋ ಕಾಲ. ನಿನ್ನ ಮಗಳು ಲಗ್ನ ಆಗಿ ನಗ್ತಾ ಕುಂತ್ರೆ ಊರಿನ ಮಕ್ಕಳ ಗತಿ ಏನು? ನಿಮ್ಮತ್ತೆಗೆ ತವರಿನ ದಾರಿ ಮುಚ್ಚಿಸ್ದೋರು ನಮ್ಮಪ್ಪ. ನಿಂಗೆ ಗುಂಡಿ. ಇವಳಿಗೆ ಇದು. ಊರು ಅಂದ್ಮ್ಯಾಲೆ ಮುಂದಾಲೋಚನೆ ಬೇಕಲ್ಲವ್ವ."

"ಗುಂಡೀನಾ? ನನ್ನ ಗುಂಡೀನೂ ಇದಕ್ಕೇನಾ? ಆ ಆಡಿನ ಮರಿ?"

"ಮರಿ ಎಲ್ಲಾದ್ರೂ ಇರ್ತಿದ್ವು. ಕೊಟ್ಬಿಟ್ಟಿದ್ರೆ ನೀನು ಸುಮ್ಕಾಗ್ತಿದ್ದೆ."

ಎಷ್ಟು ವರ್ಷ! ನನ್ನನ್ನು ಮರೆತಿದ್ದಾರೆ, ಹೆಂಗಸು ಅಂತ ಕಡೆಗಣಿಸಿದ್ದಾರೆ, ಇಂದಲ್ಲ ನಾಳೆ ನ್ಯಾಯ ತಿಳಿದೀತು ಎಂದು ನಾನು ಪ್ರತಿ ವರ್ಷ ಸೀರೆ ಬದಲಾಯಿಸಿಕೊಂಡು ಹೋಗಿ ಆ ಸಭೆಯಲ್ಲಿ ನಿಲ್ಲುತ್ತಿದ್ದೆ. ಅವರಿಗೆ ಮೊದಲಿಂದಲೂ ತಿಳಿದಿತ್ತು. ಒಬ್ಬಿಬ್ಬರಿಗಲ್ಲ, ಕೂತಿದ್ದವರಿಗೆಲ್ಲ. ಕೋಳಿಗೆ ಕಾಳು ಹಾಕುವ ಹಾಗೆ ನನಗೆ ವರ್ಷಕ್ಕೊಂದು ಅನ್ಯಾಯ ಹಾಕಿ ಸಾಕಿದ್ದರು. ನನ್ನ ಹಣೆಯ ನರ ಪಟಪಟ ಹೊಡೆದುಕೊಂಡಿತು. ಆ ಮನುಷ್ಯ ನನ್ನ ಮುಖ ನೋಡಿ ಖುಷಿಯಿಂದ ಮುಂದೆ ಬಗ್ಗಿದ. "ನೋಡಿದ್ಯಾ, ಈಗ ಬಂತು! ಕೆಡಾಕೆ ಬಿಡಬ್ಯಾಡ, ಹೋಗಿ ಒಂದು ಹೊರೆ ಕಿತ್ಕಂಡು ಬಾ."

ಕೈಯೆತ್ತಿ ಬಾರಿಸುವಷ್ಟು ಬಂದಿತ್ತು. ಆದರೆ ಇದನ್ನೂ ಇವನು ಕಷಾಯ ಮಾಡಿ ಕುಡಿಯುತ್ತಾನೆ ಅನ್ನುವುದು ಅದಕ್ಕಿಂತ ದೊಡ್ಡದಾಗಿ ಕಂಡಿತು. ನಾನು ಮನೆಗೆ ಬಂದು ಕೈ ಕಟ್ಟಿಕೊಂಡು ಕೂತೆ. ಜಂಪಿಗೂ ಹೇಳಿದೆ. "ಅವರು ಇವತ್ತು ನಿನ್ನ ನೆತ್ತಿ ನೇವರಿಸಿದ್ದು ಯಾಕೆ ಅಂತ ಗೊತ್ತಾತಲ್ಲ? ಇನ್ನೊಂದು ಸಲ ನೀನು ಆ ಗಿಡ ಮುಟ್ಟಿದ್ರೆ ಸಾಯೋ ತನಕ ಬಿಡಾಕಿಲ್ಲ. ನಿಂಗೆ ಬೇಕಾದ್ದನ್ನೆಲ್ಲ ಒಂದೊಂದಾಗಿ ಕಿತ್ಕಂತಾರೆ, ನೀನು ಸಿಟ್ಟು ಮಾಡ್ಕಂತ ಇರ್ಬೇಕು ಅಂತ." ಜಂಪಿ ತರಚಿದ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಅವಳು ತಂದ ಹೊರೆ ಕೆಲವು ದಿನ ಊರಿಗೆ ಬಂತು, ಆಮೇಲೆ ಮುಗಿಯಿತು. ಕೆಮ್ಮು ಮತ್ತೆ ಶುರುವಾಯಿತು. ಮೊದಲು ಬಂದವರು ಬೇಡಿಕೊಂಡರು, ಆಮೇಲೆ ಬಂದವರು ಬುದ್ಧಿ ಹೇಳಿದರು. ಬೈದು ನೋಡಿದರು, ಬಾಗಿಲಿಗೆ ಸಗಣಿ ಎರಚಿ ನೋಡಿದರು. ನಾನು ಅಲ್ಲಾಡಲಿಲ್ಲ. ಅಲ್ಲಾಡಲಿಲ್ಲ ಅಂತ ಹೇಳುವುದು ಸುಲಭ. ಗೋಡೆಯಾಚೆ ಕೂಸುಗಳು ಕೆಮ್ಮುವಾಗ ನನ್ನ ಗಂಟಲಿಗೆ ಅನ್ನ ಇಳಿಯುತ್ತಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಒಂದು ದಿನ ಹಾಲಮ್ಮ ಬಂದಳು. ಮಾಳಿಂಗಪ್ಪನ ಸೊಸೆ ಅವಳು, ಮಾತೇ ಆಡದವಳು, ಗೋಡೆ ಸವರಿಕೊಂಡು ಓಡಾಡುವವಳು. ಸೊಂಟದ ಮೇಲೆ ಮಗಳನ್ನು ಎತ್ತಿಕೊಂಡಿದ್ದಳು. ಮಗುವಿನ ತುಟಿ ನೀಲಿಯಾಗಿತ್ತು, ಒಂದೊಂದು ಕೆಮ್ಮಿಗೂ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿತ್ತು. ಹಾಲಮ್ಮ ಬಾಗಿಲಲ್ಲಿ ನಿಂತು ಮಗುವಿನ ಮುಖವನ್ನು ನಮ್ಮ ಕಡೆ ತಿರುಗಿಸಿದಳು. ಜಂಪಿ ದಡಕ್ಕನೆ ಎದ್ದಳು.

"ಅವ್ವ, ನಾನು ಹೋಗಿ ಕಿತ್ಕಂಡು ಬರ್ತೀನಿ. ಈ ಮಗು ಏನ್ ಮಾಡೈತೆ?"

"ಕುಂತ್ಕ! ಇವತ್ತು ಈ ಮಗು, ನಾಳೆ ಇನ್ನೊಂದು. ಒಂದು ಸಲ ಹೋದ್ರೆ ನಿನ್ನ ಜೀವಮಾನ ಹೋತು."

"ಹೋದ್ರೆ ಹೋಗ್ಲಿ ಬಿಡವ್ವ!"

ಅವಳ ಮುಖದಲ್ಲಿ ನಾನು ನನ್ನನ್ನೇ ಕಂಡೆ. ನನ್ನ ಅತ್ತೆ ನನ್ನನ್ನು ಮೊದಲ ಸಲ ಇಳಿಜಾರಿಗೆ ಕಳಿಸಿದಾಗಲೂ ಹೀಗೇ ಯಾವುದೋ ಮಗುವೇ ಇತ್ತು. ಮಗುವನ್ನು ಹಾಲಮ್ಮನ ಸೊಂಟದಿಂದ ಬಿಡಿಸಿ ಜಂಪಿಯ ಮಡಿಲಿಗೆ ಹಾಕಿದೆ. ಹಾಲಮ್ಮನ ರಟ್ಟೆ ಹಿಡಿದೆ. "ಮಗು ನಿಂದು ತಾನೆ? ಬಾ, ನೀನೇ ಕೀಳು."

"ನನ್ನ ಕೈಗೆ ಎಲ್ಲಿ ಬರ್ತೈತಕ್ಕ? ನಾನು ನಿಮ್ಮ ಮನೇಳಲ್ಲ."

"ನಾನು ಈ ಮನೇಲಿ ಹುಟ್ಟಿದ್ನಾ? ನಾನೂ ಎಲ್ಲಿಂದ್ಲೋ ಬಂದೋಳೇ!" ಆ ಮಾತು ಬಾಯಿಂದ ಬಿದ್ದ ಮೇಲೆ ನನಗೇ ಹೊಳೆಯಿತು. ಇಷ್ಟು ವರ್ಷ ನಾನು ಇದನ್ನು ಯೋಚಿಸಿರಲಿಲ್ಲ. ನಮ್ಮತ್ತೆಯೂ ಹೊರಗಿನವಳು, ಅವಳತ್ತೆಯೂ ಹೊರಗಿನವಳು. ಮನೆಯ ಗುಣ ಅಂತ ಇಡೀ ಊರು ನಂಬಿಕೊಂಡು ಕೂತಿತ್ತು. ಬೇರೆ ಯಾರೂ ಸಿಟ್ಟಾಗಿ ನೋಡಿರಲಿಲ್ಲ, ಅಷ್ಟೆ. ಅವಳನ್ನು ದರದರ ಎಳೆದುಕೊಂಡು ಇಳಿಜಾರು ಹತ್ತಿದೆ.

ಹಾಲಮ್ಮ ಒಂದು ಕೊಂಬೆ ಮುರಿದಳು, ಮೂಸಿದಳು, ನನಗೆ ಹಿಡಿದಳು. ಏನೂ ಇಲ್ಲ. ಅಳತೊಡಗಿದಳು. "ನಂಗೆ ಸಿಟ್ಟು ಬರಾಕಿಲ್ಲ ಕಣಕ್ಕ. ಬಂದಿದ್ದೇ ಇಲ್ಲ."

"ಬಂದಿತ್ತು. ನನ್ನ ಜಗಲಿ ಮ್ಯಾಲೆ ಬಿಟ್ಟು ಹೋದೆ, ನೆನಪಿಲ್ವಾ? ನಿಮ್ಮವ್ವ ಸತ್ತಾಗ?"

ಅವಳ ಅಳು ನಿಂತಿತು. ಹಿಂದಿನ ವರ್ಷ ಉಣ್ಣೆ ಕತ್ತರಿಸುವ ಕಾಲದಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ತವರಿಂದ ಆಳು ಬಂದರೂ ಸುದ್ದಿಯನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಹೋಗುತ್ತಾಳೆ, ಕತ್ತರಿ ಹಿಡಿದವರಿಗೆ ಅಡುಗೆ ಮಾಡುವವರು ಯಾರು? ಮಣ್ಣು ಮಾಡಿದ ಮೇಲೆ ತಿಳಿಸಿದರು. ಅವಳು ನನ್ನ ಜಗಲಿಯ ಮೇಲೆ ಕೂತು ಅಷ್ಟನ್ನೂ ಹೇಳಿ, ನೀರು ಕುಡಿದು ಹೋಗಿದ್ದಳು. ಆ ವಾರ ನಾನು ಕಿತ್ತ ಸೊಪ್ಪು ಊರಿಗೆಲ್ಲ ಎರಡು ಪಟ್ಟು ಆಗಿತ್ತು.

"ಅದು ನಿಂದು ಹಾಲಮ್ಮ, ನಂದಲ್ಲ. ವಾಪಸ್ ತಗ. ಅವತ್ತು ಏನ್ ಅಡುಗೆ ಮಾಡಿದ್ದೆ?"

"ಮುದ್ದೆ. ಹುರುಳಿ ಸಾರು."

"ಬಡಿಸ್ದಾಗ ನಿಮ್ಮಾವ ಏನಂದ?"

"ಏನಂದ್ರು... ಉಪ್ಪು ಕಮ್ಮಿ ಅಂದ್ರು."

ಅಂದವಳು ಅಲ್ಲೇ ನಿಂತಳು. ಕೈಯಲ್ಲಿದ್ದ ಕೊಂಬೆಯನ್ನೇ ನೋಡುತ್ತ ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಹೇಳತೊಡಗಿದಳು. "ಅಕ್ಕ, ಆಳು ಬೆಳಗ್ಗೇನೇ ಬಂದಿದ್ದ. ಊಟಕ್ಕೆ ಕುಂತಾಗ ಅವ್ರಿಗೆ ಗೊತ್ತಿತ್ತು. ನಮ್ಮವ್ವ ಅಲ್ಲಿ ಹೆಣ ಆಗಿ ಮಲಗವ್ಳೆ ಅಂತ ಗೊತ್ತಿತ್ತು. ಗೊತ್ತಿಟ್ಕಂಡು, ನನ್ನ ಮುಖ ನೋಡ್ಕಂಡು, ಉಪ್ಪು ಕಮ್ಮಿ ಅಂದ್ರು. ನಾನು ಓಡೋಗಿ ಉಪ್ಪು ತಂದು ಬಡಿಸ್ದೆ ಅಕ್ಕ. ತಪ್ಪಾತು ಮಾವ ಅಂತ ಅಂದೆ!"

ಆಮೇಲೆ ಅವಳು ಕೂಗಿದ್ದು ಮಾತಲ್ಲ. ಅವಳ ಹೊಟ್ಟೆಯ ತಳದಿಂದ ಬಂತು. ಎರಡೂ ಕೈಯಿಂದ ಪೊದೆಯನ್ನು ಹಿಡಿದು ಬುಡಸಮೇತ ಜಗ್ಗಿದಳು. ಘಾಟು ಎಂಥದು ಅಂದರೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ನನಗೆ ಅಳುವೂ ಬಂತು, ನಗುವೂ ಬಂತು. ಹಾಲಮ್ಮ ಉಡಿ ತುಂಬ ಸೊಪ್ಪು ತುಂಬಿಕೊಂಡು, ತಲೆಗೂದಲು ಬಿಚ್ಚಿಹೋದದ್ದನ್ನೂ ನೋಡದೆ, ಬೀದಿಯ ನಡುವೆ ಮಾವನ ಹೆಸರು ಹಿಡಿದು ಬೈಯುತ್ತ ಇಳಿದಳು. ಗೋಡೆ ಸವರಿಕೊಂಡು ಹೋಗುತ್ತಿದ್ದವಳು! ನನ್ನ ಒಲೆಯ ಮೇಲೇ ಕಷಾಯ ಕಾಯಿಸಿದಳು. ಸಂಜೆಯ ಹೊತ್ತಿಗೆ ಮಗುವಿನ ತುಟಿಗೆ ಬಣ್ಣ ಬಂತು, ಅದು ಜಂಪಿಯ ತೊಡೆಯ ಮೇಲೆ ನಿದ್ದೆ ಹೋಯಿತು.

ಮಾರನೆಯ ದಿನದಿಂದ ಊರು ಊರಾಗಿ ಉಳಿಯಲಿಲ್ಲ. ಜನ ಇಳಿಜಾರು ಹತ್ತಿದರು. ಗುಡ್ಡಪ್ಪ ಅಣ್ಣನ ಮೇಲಿನ ಹಳೇ ಕೋಪವನ್ನೆಲ್ಲ ನೆನೆಸಿಕೊಂಡು, "ಆ ಹುಣಸೇಮರ ನಂದು ಕಣೋ!" ಎಂದು ಗಿಡದ ಮುಂದೆ ಕೂಗಿ ಒಂದು ಹಿಡಿ ಕಿತ್ತು ಹಲ್ಲಿನಡಿ ಇಟ್ಟುಕೊಂಡ. ಅವನ ಹೆಂಡತಿ ಇವನ ಮೇಲಿದ್ದದ್ದನ್ನು ನೆನೆಸಿಕೊಂಡು ಒಂದು ಹೊರೆಯನ್ನೇ ಕಿತ್ತಳು. ಜಗಳಗಳಾದವು, ಬೇಲಿ ಕಿತ್ತರು, ಒಂದೆರಡು ತಲೆಗಳೂ ಒಡೆದವು. ಊರು ಕೆಟ್ಟಿತು ಎಂದು ಗೊಣಗುವವರೂ ಇದ್ದಾರೆ. ಕೆಮ್ಮುವವರು ಮಾತ್ರ ಕಡಿಮೆಯಾದರು. ನಾನು ಯಾರನ್ನೂ ಕೇಳದೆ ಚಾವಡಿಗೆ ಹೋಗಿ ಆಡಿನ ಮರಿಗಳನ್ನು ಎತ್ತಿ ಹೊರಗೆ ಬಿಟ್ಟು ಮಗ್ಗ ಕಟ್ಟಿದೆ. ಯಾರೂ ತಡೆಯಲಿಲ್ಲ.

ಬೀರೇಶ ಬಂದು ನಮ್ಮ ಜಗಲಿಯ ಕೆಳಗೆ ನಿಂತ. "ಯಜಮಾನ್ರು ಹೇಳಿದ್ರು, ಅವ್ವ ಹೆದರಿದ್ಳು, ನಾನೇನ್ ಮಾಡ್ಲಿ" ಎಂದು ಶುರುಮಾಡಿದ. ಜಂಪಿ ಪೂರ್ತಿ ಕೇಳಲಿಲ್ಲ. "ನನ್ನ ಮದುವೆ ಮುರಿಸ್ದೋರ ಮ್ಯಾಲೆ ನಿಂಗೆ ಸಿಟ್ಟೈತಾ? ಇದ್ರೆ ಸೊಪ್ಪು ಕಿತ್ಕಂಡು ಬಾ, ಮೂಸಿ ನೋಡಿ ಹೇಳ್ತೀನಿ" ಅಂದಳು. ಮೊದಲ ಸಲ ತಂದದ್ದಕ್ಕೆ ವಾಸನೆಯೇ ಇರಲಿಲ್ಲ, ಅವನ ಮುಂದೆಯೇ ಎಸೆದಳು. ಎರಡನೆಯ ಸಲದ್ದೂ ಅಷ್ಟೆ. ದಿನಾ ಬರತೊಡಗಿದ. ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ತಗಳೆ, ಇವತ್ತು ನನ್ನ ಮ್ಯಾಲೇ ಸಿಟ್ಟು ಬಂತು" ಎಂದು ಒಂದು ಹಿಡಿ ಚಾಚಿದ. ಜಂಪಿ ಮೂಸಿ ಸೀನಿದಳು. ಸೀನಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮದುವೆ ಆಗುತ್ತಾಳೋ ಇಲ್ಲವೋ ಇನ್ನೂ ಹೇಳಿಲ್ಲ, ಅವನ ಸೊಪ್ಪಂತೂ ದಿನಾ ಬರುತ್ತಿದೆ.

ಮೊನ್ನೆ ಬೆಳಗ್ಗೆ ನಾವಿಬ್ಬರೂ ಸೌದೆಗೆಂದು ಇಳಿಜಾರಿಗೆ ಹೋದೆವು. ಮಾಳಿಂಗಪ್ಪ ಪೊದೆಗಳ ನಡುವೆ ಒಬ್ಬನೇ ನಿಂತಿದ್ದ. ಕೆಮ್ಮಿ ಕೆಮ್ಮಿ ಸೊರಗಿದ್ದ. ಒಂದೊಂದೇ ಎಲೆ ಕೀಳುವುದು, ಮೂಸುವುದು, ಬಿಸಾಡುವುದು. ಕಾಲ ಬುಡದಲ್ಲಿ ಒಂದು ಗುಡ್ಡೆ ಬಿದ್ದಿತ್ತು. ನನ್ನನ್ನು ನೋಡಿ, "ನಂಗೆ ಬರ್ತಾ ಇಲ್ಲ ಕಣವ್ವ" ಅಂದ. "ಎಷ್ಟು ಯೋಚ್ನೆ ಮಾಡಿದ್ರೂ ಬರ್ತಾ ಇಲ್ಲ. ಯಾರೂ ನಂಗೆ ಏನೂ ಮಾಡಿಲ್ಲ." ಹೇಳುವಾಗ ಅವನ ಧ್ವನಿ ನಿಜಕ್ಕೂ ದೀನವಾಗಿತ್ತು. ಇಡೀ ಊರಲ್ಲಿ ಅನ್ಯಾಯವನ್ನೇ ಕಾಣದ ಮನುಷ್ಯ ಇವನೊಬ್ಬನೇ ಎಂದು ನನಗೆ ಮೈ ಉರಿಯಿತು.

"ಹಾಲಮ್ಮನ್ನ ಕೇಳಿ. ಅವಳ ಹತ್ರ ಬೇಕಾದಷ್ಟೈತೆ" ಅಂದೆ. ಅವನು ನೆಲ ನೋಡಿದ. ಕೆಮ್ಮು ಬಂದು ಬಂಡೆಗೆ ಕೈ ಕೊಟ್ಟು ನಿಂತ. "ಅವಳನ್ನ ಹೆಂಗೆ ಕೇಳ್ಲಿ? ನಿನ್ನ ಮಗಳೇ ಒಂದು ಹಿಡಿ ಕೊಡ್ಲಿ."

ಜಂಪಿ ನನ್ನ ಕಡೆ ನೋಡಿದಳು. ಬೇಡ ಅನ್ನಬೇಕು ಅನ್ನಿಸಿತು, ಆದರೂ "ನಿನ್ನಿಷ್ಟ" ಅಂದೆ. ಅವಳು ಬಗ್ಗಿ ಒಂದು ಹಿಡಿ ಕಿತ್ತು ಕೊಟ್ಟಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡು ಮುಖಕ್ಕೆ ಒತ್ತಿಕೊಂಡ. ಉಸಿರೆಳೆದ. ಮತ್ತೆ ಎಳೆದ. ಏನೂ ಇರಲಿಲ್ಲ. ಜಂಪಿ ನಾಚಿಕೊಂಡವಳ ಹಾಗೆ, "ನಂಗೀಗ ಸಿಟ್ಟಿಲ್ಲ ಯಜಮಾನ್ರೆ, ಬೇಕು ಅಂದ್ರೂ ಬರ್ತಿಲ್ಲ" ಅಂದಳು. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ಇದಕ್ಕಿಂತ ಒಳ್ಳೆಯ ಮಾತನ್ನು ನನ್ನ ಮಗಳ ಬಾಯಲ್ಲಿ ನಾನು ಕೇಳಿಲ್ಲ.

ಮಾಳಿಂಗಪ್ಪ ಆ ಹಿಡಿಯನ್ನು ಕೆಳಗೆ ಬಿಟ್ಟು ನನ್ನ ಕಡೆ ತಿರುಗಿದ.

"ನೀನಾದ್ರೂ ಕಿತ್ಕೊಡವ್ವ. ನಿನ್ನ ಸಿಟ್ಟೂ ಹೋತಾ?"

"ಇಲ್ಲ ಯಜಮಾನ್ರೆ, ಐತೆ. ಅದಕ್ಕೇ ಕೀಳಾಕಿಲ್ಲ."